ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರದ ತೊಂದರೆಯೇ? ಮಾತ್ರೆ ತೆಗೆದುಕೊಳ್ಳುವ ಮೊದಲಿನಿಂದ ಕೊನೆಯವರೆಗೆ

ಮೊನ್ನೆ ಹಿರಿಯರೊಬ್ಬರು ಅರ್ಧ ಖಾಲಿಯಾದ ಸ್ಟ್ರಿಪ್ ಹಿಡಿದು ನಮ್ಮ ಔಷಧಿ ಅಂಗಡಿಗೆ ಬಂದರು. "ಎರಡು ವಾರ ನುಂಗಿದೆ ಕಣಪ್ಪ, ಏನೂ ಪ್ರಯೋಜನ ಇಲ್ಲ. ವಾಪಸ್ ತಗೋ" ಅಂದರು. ತಿರುಗಿಸಿ ನೋಡಿದೆ. ಫಿನಾಸ್ಟೆರೈಡ್ 5 ಮಿಲಿಗ್ರಾಂ. ಆ ಮಾತ್ರೆಯ ಗುಣ ಕಾಣಬೇಕಾದರೆ ಹೆಚ್ಚುಕಡಿಮೆ ಆರು ತಿಂಗಳು ಬೇಕು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮಾತ್ರೆ ಎಣಿಸಿ ಕೊಟ್ಟ ನಾನೂ ಹೇಳಿರಲಿಲ್ಲ. ಆ ದಿನ ತುಂಬಾ ಬೇಜಾರಾಯಿತು. ಈ ಬರಹ ಅದಕ್ಕೇ.

ಪ್ರಾಸ್ಟೇಟ್‌ಗೆ ಕೊಡುವ ಮಾತ್ರೆಗಳು ಒಳ್ಳೆಯ ಮಾತ್ರೆಗಳು. ಆದರೆ ಅವೆಲ್ಲ ಒಂದೇ ಅಲ್ಲ. ಒಂದು ಜಾತಿಯದು ಕೆಲವೇ ದಿನಗಳಲ್ಲಿ ದಾರಿ ಸಡಿಲ ಮಾಡುತ್ತದೆ. ಇನ್ನೊಂದು ಜಾತಿಯದು ತಿಂಗಳುಗಟ್ಟಲೆ ಸದ್ದಿಲ್ಲದೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ನಿಮ್ಮ ಕೈಯಲ್ಲಿರುವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ಸರಿಯಾದ ಮಾತ್ರೆಯನ್ನೂ ತಪ್ಪಾಗಿ ನುಂಗುತ್ತೀರಿ, ಇಲ್ಲವೇ ಗುಣ ಸಿಗುವ ಮೊದಲೇ ಬಿಟ್ಟುಬಿಡುತ್ತೀರಿ.

ಇವೆಲ್ಲ ವೈದ್ಯರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಮಾತ್ರೆಗಳು. ನಾನು ಬರೆದಿರುವುದು ವೈದ್ಯರ ಬದಲಿಗೆ ಅಲ್ಲ. ವೈದ್ಯರ ಕೋಣೆಯಿಂದ ಹೊರಗೆ ಬಂದ ಮೇಲೆ ಮನೆಯಲ್ಲಿ ಎದುರಾಗುವ ಪ್ರಶ್ನೆಗಳಿಗೆ.

ಮೊದಲು, ಒಳಗೆ ಏನಾಗಿದೆ ಅಂತ ತಿಳಿದುಕೊಳ್ಳಿ

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಬಹುತೇಕ ಗಂಡಸರಲ್ಲಿ ಅದು ದಪ್ಪವಾಗುತ್ತದೆ. ನಡುವೆ ಹಾದುಹೋಗುವ ನಾಳ ಕಿರಿದಾಗುತ್ತದೆ. ತೋಟದ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ. ಧಾರೆ ಸಣ್ಣಗಾಗುತ್ತದೆ, ಶುರುವಾಗಲು ಕಾಯಬೇಕಾಗುತ್ತದೆ, ಮುಗಿದರೂ ಹನಿ ಹನಿ ಬೀಳುತ್ತದೆ. ಇತ್ತ ಮೂತ್ರಕೋಶ ದಿನವೂ ತಿಣುಕಿ ತಿಣುಕಿ ರೇಗುತ್ತದೆ. ಅದರಿಂದ ಪದೇ ಪದೇ ಹೋಗಬೇಕು ಅನ್ನಿಸುವುದು, ತಡೆಯಲು ಆಗದಿರುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು.

ಇದು ಕ್ಯಾನ್ಸರ್ ಅಲ್ಲ. ಇದೇ ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಒಬ್ಬರಲ್ಲೇ ಎರಡೂ ಇರಬಹುದು, ಹಾಗಾಗಿ ವೈದ್ಯರು ಪರೀಕ್ಷೆ ಮಾಡಿಸುತ್ತಾರೆ.

ಇನ್ನೊಂದು ಮಾತು. ಗ್ರಂಥಿಯ ಗಾತ್ರಕ್ಕೂ ತೊಂದರೆಯ ಗಾತ್ರಕ್ಕೂ ನೇರ ಲೆಕ್ಕ ಇಲ್ಲ. 30 ಗ್ರಾಂ ಇದ್ದವರು ಒದ್ದಾಡುವುದನ್ನೂ 80 ಗ್ರಾಂ ಇದ್ದವರು ಆರಾಮವಾಗಿ ಓಡಾಡುವುದನ್ನೂ ನೋಡಿದ್ದೇನೆ. ಸ್ಕ್ಯಾನಿಂಗ್ ವರದಿಯಲ್ಲಿ "ಪ್ರಾಸ್ಟೇಟ್ ದೊಡ್ಡದಿದೆ" ಅಂತ ಬರೆದ ಮಾತ್ರಕ್ಕೆ ಹೆದರಬೇಡಿ. ತೊಂದರೆಯೇ ಇಲ್ಲದಿದ್ದರೆ ಎಷ್ಟೋ ಸಲ ಮಾತ್ರೆಯೂ ಬೇಕಿಲ್ಲ.

ಹೆಜ್ಜೆ 1: ನಿಮ್ಮ ತೊಂದರೆಗೆ ಅಂಕ ಕೊಡಿ

ಜಗತ್ತಿನೆಲ್ಲೆಡೆ ವೈದ್ಯರು ಬಳಸುವ ಏಳು ಪ್ರಶ್ನೆಗಳ ಪಟ್ಟಿ ಇದೆ. ಇದನ್ನು ಐಪಿಎಸ್‌ಎಸ್ ಅನ್ನುತ್ತಾರೆ. ಪೆನ್ನು ಹಾಳೆ ತೆಗೆದುಕೊಂಡು ಮನೆಯಲ್ಲೇ ಮಾಡಬಹುದು. ಕಳೆದ ಒಂದು ತಿಂಗಳನ್ನು ನೆನಪಿಸಿಕೊಳ್ಳಿ. ಒಂದಕ್ಕೆ ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುತ್ತದೆಯೇ? ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ? ಮಧ್ಯೆ ನಿಂತು ನಿಂತು ಬರುತ್ತದೆಯೇ? ಬಂತು ಅಂದಾಗ ತಡೆದುಕೊಳ್ಳುವುದು ಕಷ್ಟವೇ? ಧಾರೆ ಸಣ್ಣಗಾಗಿದೆಯೇ? ಶುರು ಮಾಡಲು ತಿಣುಕಬೇಕೇ? ಈ ಆರಕ್ಕೆ ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ. ಒಂದು ಸಲವೂ ಇಲ್ಲದಿದ್ದರೆ 0, ಸುಮಾರು ಅರ್ಧದಷ್ಟು ಸಲ ಆಗಿದ್ದರೆ 3, ಹೆಚ್ಚುಕಡಿಮೆ ಯಾವಾಗಲೂ ಆದರೆ 5. ಏಳನೆಯದು ರಾತ್ರಿ ಎಷ್ಟು ಸಲ ಏಳುತ್ತೀರಿ ಅನ್ನುವುದು. ಎಷ್ಟು ಸಲವೋ ಅಷ್ಟು ಅಂಕ, ಐದಕ್ಕಿಂತ ಜಾಸ್ತಿ ಆದರೂ 5.

ಕೂಡಿದಾಗ 7ರ ಒಳಗೆ ಬಂದರೆ ತೊಂದರೆ ಅಲ್ಪ. 8ರಿಂದ 19 ಮಧ್ಯಮ. 20ರಿಂದ 35 ತೀವ್ರ. ಸಾಮಾನ್ಯವಾಗಿ ಮಾತ್ರೆಯ ಮಾತು ಬರುವುದು 8 ದಾಟಿದ ಮೇಲೆ, ಅದೂ ನಿಮಗೆ ನಿಜವಾಗಿ ಕಿರಿಕಿರಿ ಆಗುತ್ತಿದ್ದರೆ.

ಹಾಳೆಯ ಮೇಲೆ ತಾರೀಖು ಹಾಕಿ ಎತ್ತಿಡಿ. ಮಾತ್ರೆ ಶುರು ಮಾಡಿದ ಒಂದು ತಿಂಗಳಿಗೆ ಮತ್ತೆ ಬರೆಯಿರಿ. "ಸ್ವಲ್ಪ ಪರವಾಗಿಲ್ಲ" ಅನ್ನುವುದಕ್ಕಿಂತ "18 ಇದ್ದದ್ದು 11 ಆಗಿದೆ" ಅಂದರೆ ವೈದ್ಯರಿಗೆ ಎಷ್ಟೋ ಅನುಕೂಲ. ಮೂರು ಅಂಕ ಇಳಿದರೂ ಮೈಗೆ ಗೊತ್ತಾಗುತ್ತದೆ.

ಇದರ ಜೊತೆ ಮೂರು ದಿನದ ಲೆಕ್ಕವೂ ಬೇಕು. ಅಡುಗೆಮನೆಯ ಹಳೆಯ ಅಳತೆ ಲೋಟ ಒಂದನ್ನು ಬಚ್ಚಲಿಗೆ ಇಟ್ಟುಕೊಳ್ಳಿ. ಎಷ್ಟು ಗಂಟೆಗೆ ಹೋದಿರಿ, ಎಷ್ಟು ಮಿಲಿ ಬಂತು, ಏನೇನು ಕುಡಿದಿರಿ, ಅಷ್ಟೇ. ನಾನು ಇದನ್ನು ಒತ್ತಿ ಹೇಳಲು ಕಾರಣ ಇದೆ. ಪ್ರತಿ ಸಲ 100 ಮಿಲಿಗಿಂತ ಕಡಿಮೆ ಬರುತ್ತಿದ್ದರೆ ತೊಂದರೆ ಒಂದು ಬಗೆ. ರಾತ್ರಿ ಒಂದೊಂದು ಸಲವೂ 400 ಮಿಲಿ ಬರುತ್ತಿದ್ದರೆ ಅದು ಪ್ರಾಸ್ಟೇಟ್ ತೊಂದರೆಯೇ ಅಲ್ಲದಿರಬಹುದು. ಸಕ್ಕರೆ ಕಾಯಿಲೆ, ಕಾಲಿನ ಬಾವು, ಗೊರಕೆಯ ಕಾಯಿಲೆ, ಅಥವಾ ಮಲಗುವ ಮುಂಚೆ ಚೊಂಬು ತುಂಬಾ ಮಜ್ಜಿಗೆ ಕುಡಿಯುವ ರೂಢಿ. ಅಂಥವರಿಗೆ ಪ್ರಾಸ್ಟೇಟ್ ಮಾತ್ರೆ ಎಷ್ಟು ಕೊಟ್ಟರೂ ರಾತ್ರಿ ಏಳುವುದು ನಿಲ್ಲುವುದಿಲ್ಲ.

ಹೆಜ್ಜೆ 2: ಪರೀಕ್ಷೆಗಳು

ಮೂತ್ರ ಪರೀಕ್ಷೆ, ಸಕ್ಕರೆ, ಕಿಡ್ನಿಗೆ ಕ್ರಿಯಾಟಿನಿನ್, ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್, ಕ್ಯಾನ್ಸರ್ ಸುಳಿವಿಗಾಗಿ ನೋಡುತ್ತಾರೆ), ಹೊಟ್ಟೆಯ ಸ್ಕ್ಯಾನಿಂಗ್, ಮತ್ತು ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವುದು. ಕೊನೆಯದಕ್ಕೆ ತುಂಬಾ ಜನ ನಾಚಿಕೊಂಡು ಬೇಡ ಅನ್ನುತ್ತಾರೆ. ಅರ್ಧ ನಿಮಿಷದ ಕೆಲಸ. ಗಂಟು ಗಟ್ಟಿಯಿದೆಯೇ ಮೆತ್ತಗಿದೆಯೇ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಬೇಡ ಅನ್ನಬೇಡಿ.

ಮೂತ್ರದ ಸೋಂಕು ಇರುವಾಗ, ಅಥವಾ ಮೂತ್ರ ಹೊರತೆಗೆಯಲು ಪೈಪ್ ಹಾಕಿದ ಹೊಸದರಲ್ಲಿ ಪಿಎಸ್‌ಎ ಮಾಡಿಸಿದರೆ ಸುಮ್ನೆ ಏರಿ ಕಾಣುತ್ತದೆ. ಮನೆಯವರೆಲ್ಲ ಗಾಬರಿ. ಸೋಂಕು ವಾಸಿಯಾಗಿ ಆರು ವಾರ ಆದ ಮೇಲೆ ಮಾಡಿಸುವುದು ವಾಸಿ.

ಸ್ಕ್ಯಾನಿಂಗ್‌ನಲ್ಲಿ ಎರಡು ಅಂಕಿ ನೋಡಿ. ಒಂದು ಪ್ರಾಸ್ಟೇಟ್ ಗಾತ್ರ. ಇನ್ನೊಂದು, ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅನ್ನುವುದು. ಉಳಿದದ್ದು 50 ಮಿಲಿ ಒಳಗಿದ್ದರೆ ನಿಶ್ಚಿಂತೆ. 200 ದಾಟಿದರೆ ವೈದ್ಯರು ಗಂಭೀರವಾಗಿ ನೋಡುತ್ತಾರೆ. ಆದರೆ ಇಲ್ಲೊಂದು ಎಡವಟ್ಟು ದಿನವೂ ನಡೆಯುತ್ತದೆ. ಬಾಟಲಿ ಬಾಟಲಿ ನೀರು ಕುಡಿಸಿ ಬೆಂಚಿನ ಮೇಲೆ ಎರಡು ಗಂಟೆ ಕೂರಿಸುತ್ತಾರೆ. ಮೂತ್ರಕೋಶ ಬಿರಿಯುವ ಹಾಗೆ ತುಂಬಿರುತ್ತದೆ. ಹಾಗೆ ಮಿತಿಮೀರಿ ತುಂಬಿದಾಗ ಆರೋಗ್ಯವಂತರಿಗೂ ಪೂರ್ತಿ ಖಾಲಿ ಮಾಡಲು ಆಗುವುದಿಲ್ಲ. ಉಳಿದ ಮೂತ್ರದ ಅಂಕಿ ಸುಳ್ಳೇ ಜಾಸ್ತಿ ಬರುತ್ತದೆ. ಹಾಗೆ ಆಗಿದ್ದರೆ ವೈದ್ಯರಿಗೆ ಹೇಳಿ, ಇನ್ನೊಂದು ಸಲ ನೋಡಿಸಿ.

ಹೆಜ್ಜೆ 3: ನಿಮ್ಮ ಮಾತ್ರೆ ಯಾವ ಜಾತಿಯದು ಅಂತ ಗುರುತಿಸಿ

ಸ್ಟ್ರಿಪ್ ತಿರುಗಿಸಿ. ಮುಂದೆ ದೊಡ್ಡದಾಗಿ ಇರುವುದು ಕಂಪನಿಯ ಹೆಸರು. ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದೇ ಅಸಲಿ ಹೆಸರು. ಕಣ್ಣಿಗೆ ಕಾಣದಿದ್ದರೆ ಮೊಮ್ಮಕ್ಕಳಿಂದ ಮೊಬೈಲಿನಲ್ಲಿ ಫೋಟೋ ತೆಗೆಸಿ ದೊಡ್ಡದು ಮಾಡಿ ಓದಿಸಿ.

ಟ್ಯಾಮ್ಸುಲೋಸಿನ್, ಸೈಲೋಡೋಸಿನ್, ಅಲ್ಫುಜೋಸಿನ್, ಡಾಕ್ಸಜೋಸಿನ್, ಟೆರಜೋಸಿನ್. ಕೊನೆಗೆ "ಓಸಿನ್" ಅಂತ ಬಂದರೆ ಅದು ಸಡಿಲಿಸುವ ಮಾತ್ರೆ. ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಕೊರಳಿನಲ್ಲಿರುವ ಸ್ನಾಯುಗಳ ಬಿಗಿತ ಇಳಿಸುತ್ತದೆ. ಗ್ರಂಥಿಯ ಗಾತ್ರ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸುವುದು ಗೊತ್ತಾಗುತ್ತದೆ. ಪೂರ್ತಿ ಗುಣ ನೋಡಲು ಎರಡರಿಂದ ನಾಲ್ಕು ವಾರ ಕೊಡಿ.

ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್. ಕೊನೆಗೆ "ಸ್ಟೆರೈಡ್" ಅಂತ ಬಂದರೆ ಅದು ಕುಗ್ಗಿಸುವ ಮಾತ್ರೆ. ಹೆಸರು ಕೇಳಿ ಇದು ಸ್ಟೀರಾಯ್ಡ್ ಅಂತ ಹೆದರಿ ಬಿಟ್ಟವರೂ ಇದ್ದಾರೆ. ಮೈ ಊದಿಸುವ ಆ ಸ್ಟೀರಾಯ್ಡ್ ಇದಲ್ಲ. ಗ್ರಂಥಿಯನ್ನು ಬೆಳೆಸುವ ಒಂದು ಗಂಡು ಹಾರ್ಮೋನ್ ತಯಾರಾಗುವುದನ್ನು ಇದು ತಡೆಯುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಗಾತ್ರ ಕಾಲು ಭಾಗದಷ್ಟು ಇಳಿಯುತ್ತದೆ. ಗ್ರಂಥಿ 30-40 ಗ್ರಾಂ ದಾಟಿದವರಿಗೆ ಮಾತ್ರ ಇದರಿಂದ ಲಾಭ. ಚಿಕ್ಕ ಗ್ರಂಥಿಗೆ ಕೊಟ್ಟು ಪ್ರಯೋಜನವಿಲ್ಲ.

ಈ ಮಾತ್ರೆ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನ ಹಾಗೆ ಕಾಣುತ್ತಿದ್ದರು. ಹನ್ನೆರಡು ವರ್ಷದ ಹೊತ್ತಿಗೆ ಗಂಡುಮಕ್ಕಳಾಗಿ ಬೆಳೆಯುತ್ತಿದ್ದರು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆ ಅವರನ್ನು ಪರೀಕ್ಷಿಸಿ 1974ರಲ್ಲಿ ಕಾರಣ ಪ್ರಕಟಿಸಿದರು. ಒಂದೇ ಒಂದು ಕಿಣ್ವದ ಕೊರತೆ. ಅವರು ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಪುಟ್ಟದಾಗೇ ಉಳಿದಿತ್ತು. ಹಾಗಾದರೆ ಆ ಕಿಣ್ವವನ್ನು ಮಾತ್ರೆಯಿಂದ ತಡೆದರೆ? ಆ ಯೋಚನೆಯೇ ಫಿನಾಸ್ಟೆರೈಡ್ ಆಯಿತು. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಈಗ ಎರಡೂ ಸೇರಿದ ಮಾತ್ರೆಗಳೇ ಜಾಸ್ತಿ ಬರುತ್ತವೆ. ಕಂಪನಿ ಹೆಸರಿನ ಕೊನೆಗೆ "ಡಿ" ಇದ್ದರೆ ಹೆಚ್ಚಾಗಿ ಡ್ಯುಟಾಸ್ಟೆರೈಡ್ ಸೇರಿದೆ, "ಎಫ್" ಇದ್ದರೆ ಫಿನಾಸ್ಟೆರೈಡ್. ಆದರೂ ಹಿಂದೆ ಓದಿಯೇ ಖಚಿತ ಮಾಡಿಕೊಳ್ಳಿ. ಒಂದೇ ಒಂದು ಅಕ್ಷರ ಬಿಟ್ಟು ಕೇಳಿದರೆ ಅರ್ಧ ಔಷಧಿ ಮಾತ್ರ ಮನೆಗೆ ಬರುತ್ತದೆ. ಎರಡೂ ಯಾಕೆ ಬೇಕು? ಸಡಿಲಿಸುವುದು ಇವತ್ತಿಗೆ, ಕುಗ್ಗಿಸುವುದು ನಾಳೆಗೆ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 3047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ನೋಡಿದರು. ಡಾಕ್ಸಜೋಸಿನ್, ಫಿನಾಸ್ಟೆರೈಡ್ ಎರಡನ್ನೂ ತೆಗೆದುಕೊಂಡವರಲ್ಲಿ ಕಾಯಿಲೆ ಮುಂದುವರಿಯುವ ಅಪಾಯ ಶೇ 66ರಷ್ಟು ಕಡಿಮೆಯಾಯಿತು. ಒಂದೊಂದನ್ನೇ ತೆಗೆದುಕೊಂಡವರಲ್ಲಿ ಶೇ 39 ಮತ್ತು ಶೇ 34.

ಇವೆರಡರ ಹೊರಗೂ ಕೆಲವು ಇವೆ. ಟಡಾಲಫಿಲ್ 5 ಮಿಲಿಗ್ರಾಂ ದಿನಕ್ಕೊಂದು, ಲೈಂಗಿಕ ತೊಂದರೆಯೂ ಜೊತೆಗಿದ್ದವರಿಗೆ. ತಡೆಯಲಾಗದ ಅವಸರ ಇದ್ದವರಿಗೆ ಮಿರಾಬೆಗ್ರಾನ್, ಸಾಲಿಫೆನಾಸಿನ್, ಟಾಲ್ಟೆರೊಡಿನ್. ಇವು ಮೂತ್ರಕೋಶವನ್ನು ಶಾಂತ ಮಾಡುತ್ತವೆ. ಆದರೆ ಮೂತ್ರ ಒಳಗೆ ಜಾಸ್ತಿ ಉಳಿಯುತ್ತಿದ್ದರೆ ಇವು ಅಪಾಯ, ಆಗ ಪೂರ್ತಿ ಕಟ್ಟಿಕೊಳ್ಳಬಹುದು. ಸಾಲಿಫೆನಾಸಿನ್ ಕೊನೆಗೂ "ಸಿನ್" ಇದೆ, ಅದನ್ನು ಸಡಿಲಿಸುವ ಗುಂಪಿಗೆ ಸೇರಿಸಿಕೊಂಡು ಗೊಂದಲ ಮಾಡಿಕೊಳ್ಳಬೇಡಿ.

ಹೆಜ್ಜೆ 4: ಶುರು ಮಾಡುವ ಮೊದಲು ವೈದ್ಯರಿಗೆ ಈ ನಾಲ್ಕು ವಿಷಯ ಹೇಳಿ

ಅವರು ಕೇಳದಿದ್ದರೂ ಹೇಳಿ.

ಕಣ್ಣಿನ ಪೊರೆಯ ಆಪರೇಷನ್ ಆಗಬೇಕಿದೆಯೇ? ಈ ವಯಸ್ಸಿನಲ್ಲಿ ಎರಡೂ ಒಟ್ಟಿಗೆ ಬರುವುದೇ ಹೆಚ್ಚು. ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಪ್ರಾಸ್ಟೇಟ್ ಸ್ನಾಯುವನ್ನು ಸಡಿಲಿಸುವ ಹಾಗೆ ಕಣ್ಣಿನ ಪಾಪೆಯ ಸುತ್ತಲಿನ ಪರದೆಯನ್ನೂ ಸಡಿಲ ಮಾಡುತ್ತದೆ. ಆಪರೇಷನ್ ನಡುವೆ ಪಾಪೆ ಕಿರಿದಾಗಿ, ಪರದೆ ಅಲೆಯ ಹಾಗೆ ಅಲುಗಾಡುತ್ತದೆ. ಇದು ಮೊದಲು ವರದಿಯಾದದ್ದು 2005ರಲ್ಲಿ. ಕಣ್ಣಿನ ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಕಷ್ಟ. ಮಾತ್ರೆ ಬಿಟ್ಟು ತಿಂಗಳುಗಳಾದರೂ ಈ ಪರಿಣಾಮ ಉಳಿದಿರಬಹುದು, ಆದ್ದರಿಂದ ಹಿಂದೆ ನುಂಗಿದ್ದರೂ ಹೇಳಬೇಕು. ಇನ್ನೂ ಶುರುವೇ ಮಾಡಿಲ್ಲ, ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಗಿದೆ ಅನ್ನುವವರು ಮೊದಲು ಕಣ್ಣು ಮುಗಿಸಿಕೊಳ್ಳಬಹುದೇ ಅಂತ ವೈದ್ಯರನ್ನು ಕೇಳಿ.

ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಇದೆಯೇ? ಇದ್ದರೆ ಟಡಾಲಫಿಲ್ ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯುತ್ತದೆ.

ಬಿಪಿ ಮಾತ್ರೆಗಳು ಯಾವುವು, ಎಷ್ಟು? ನಿಂತಾಗ ಕಣ್ಣು ಕತ್ತಲೆ ಬರುವ ಅಭ್ಯಾಸ ಮೊದಲೇ ಇದೆಯೇ? ಮತ್ತು ಕಿಡ್ನಿ ಅಥವಾ ಲಿವರ್ ತೊಂದರೆ ಇದೆಯೇ? ಉದಾಹರಣೆಗೆ ಸೈಲೋಡೋಸಿನ್ ಮಾಮೂಲಿ 8 ಮಿಲಿಗ್ರಾಂ. ಕಿಡ್ನಿ ಮಧ್ಯಮ ಮಟ್ಟಕ್ಕೆ ದುರ್ಬಲ ಇದ್ದವರಿಗೆ 4 ಮಾತ್ರ. ತೀರಾ ಕೆಟ್ಟಿದ್ದರೆ ಕೊಡುವುದೇ ಇಲ್ಲ.

ಹೆಜ್ಜೆ 5: ನುಂಗುವ ರೀತಿ

ಹೆಚ್ಚು ತಪ್ಪಾಗುವುದು ಇಲ್ಲೇ.

ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ದಿನಕ್ಕೆ ಒಂದು. ದಿನವೂ ಒಂದೇ ಊಟದ ನಂತರ, ಸುಮಾರು ಅರ್ಧ ಗಂಟೆಗೆ. ನಮ್ಮ ಕಡೆ ಹೆಚ್ಚಿನ ವೈದ್ಯರು ರಾತ್ರಿ ಊಟದ ಮೇಲೆ ಅಂತ ಬರೆಯುತ್ತಾರೆ. ಖಾಲಿ ಹೊಟ್ಟೆಗೆ ನುಂಗಿದರೆ ಔಷಧಿ ರಕ್ತಕ್ಕೆ ಒಂದೇ ಸಲ ಜಾಸ್ತಿ ಸೇರುತ್ತದೆ, ತಲೆ ಸುತ್ತುವುದು ಅದಕ್ಕೇ. ಏಕಾದಶಿ, ಸಂಕಷ್ಟಿ ಅಂತ ಉಪವಾಸ ಇದ್ದ ದಿನ "ಊಟ ಇಲ್ಲ, ಮಾತ್ರೆ ಮಾತ್ರ ತಗೊಂಡೆ" ಅನ್ನುವವರು ಬಹಳ. ಅವತ್ತು ಫಲಾಹಾರ ಮಾಡಿದ ಮೇಲೆ ತೆಗೆದುಕೊಳ್ಳಿ.

ಕ್ಯಾಪ್ಸೂಲ್ ಒಡೆಯಬೇಡಿ, ಅಗಿಯಬೇಡಿ. ಬೆಳಕಿಗೆ ಹಿಡಿದು ಅಲ್ಲಾಡಿಸಿದರೆ ಒಳಗೆ ಸಾಸಿವೆಗಿಂತ ಸಣ್ಣ ಕಾಳುಗಳು ಗಿಲಗಿಲ ಅನ್ನುತ್ತವೆ. ಆ ಒಂದೊಂದು ಕಾಳೂ ಇಡೀ ದಿನ ನಿಧಾನವಾಗಿ ಔಷಧಿ ಬಿಡಲು ಮಾಡಿದ್ದು. ಗಂಟಲಿನಲ್ಲಿ ಇಳಿಯುವುದಿಲ್ಲ ಅಂತ ಒಡೆದು ಬಾಳೆಹಣ್ಣಿನಲ್ಲಿ ಅರೆದು ತಿಂದರೆ ಇಡೀ ದಿನದ್ದು ಒಂದೇ ಗಂಟೆಯಲ್ಲಿ ಮೈಗೆ ಸೇರುತ್ತದೆ. ನುಂಗಲು ಕಷ್ಟ ಅನ್ನುವವರು ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ.

ಸೈಲೋಡೋಸಿನ್ ಊಟದ ಜೊತೆ. ಅಲ್ಫುಜೋಸಿನ್ 10 ಮಿಲಿಗ್ರಾಂ ಊಟ ಆದ ತಕ್ಷಣ, ಅದನ್ನೂ ಪುಡಿ ಮಾಡಬಾರದು. ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್‌ಗೆ ಊಟದ ಕಟ್ಟುಪಾಡು ಇಲ್ಲ, ದಿನಕ್ಕೆ ಒಂದು, ಒಂದೇ ಹೊತ್ತಿಗೆ ಅಷ್ಟೇ. ಎರಡೂ ಸೇರಿದ ಮಾತ್ರೆಗೆ ಟ್ಯಾಮ್ಸುಲೋಸಿನ್ ನಿಯಮವೇ.

ಮರೆತರೆ ಅದೇ ದಿನ ನೆನಪಾದಾಗ ಊಟದ ಮೇಲೆ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಬಿಟ್ಟದ್ದನ್ನು ಬಿಡಿ, ಎರಡು ಒಟ್ಟಿಗೆ ಬೇಡ. ಊರಿಗೆ ಹೋಗಿ ಒಂದು ವಾರ ತಪ್ಪಿತು ಅನ್ನಿ. ಮತ್ತೆ ಶುರು ಮಾಡುವ ಮೊದಲು ವೈದ್ಯರಿಗೆ ಒಂದು ಫೋನ್ ಮಾಡಿ. ಡಾಕ್ಸಜೋಸಿನ್, ಟೆರಜೋಸಿನ್ ಆಗಿದ್ದರೆ ಮತ್ತೆ ಕಡಿಮೆ ಡೋಸಿನಿಂದಲೇ ಏರಿಸಿಕೊಂಡು ಬರಬೇಕು, ಮೊದಲ ಮಾತ್ರೆ ಮಲಗುವ ಹೊತ್ತಿಗೆ.

ಮನೆಯಲ್ಲಿ ಬಸುರಿ ಸೊಸೆಯೋ ಮಗಳೋ ಇದ್ದರೆ, ಮಾವನ ಮಾತ್ರೆ ಎತ್ತಿಕೊಡುವ ಕೆಲಸ ಅವಳಿಗೆ ಬೇಡ. ಒಡೆದ ಫಿನಾಸ್ಟೆರೈಡ್, ಸೋರಿದ ಡ್ಯುಟಾಸ್ಟೆರೈಡ್ ಕ್ಯಾಪ್ಸೂಲ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ. ಮನೆಯಲ್ಲಿ ಇದನ್ನು ಮೊದಲೇ ಹೇಳಿಡಿ. ಈ ಮಾತ್ರೆ ತೆಗೆದುಕೊಳ್ಳುವವರು ರಕ್ತದಾನವನ್ನೂ ಮಾಡಬಾರದು. ಡ್ಯುಟಾಸ್ಟೆರೈಡ್ ನಿಲ್ಲಿಸಿದ ಮೇಲೂ ಆರು ತಿಂಗಳು ಕಾಯಬೇಕು.

ಹೆಜ್ಜೆ 6: ಮೊದಲ ಎರಡು ವಾರ ಬೀಳದ ಹಾಗೆ ನೋಡಿಕೊಳ್ಳಿ

ಸಡಿಲಿಸುವ ಮಾತ್ರೆ ರಕ್ತನಾಳವನ್ನೂ ಸ್ವಲ್ಪ ಸಡಿಲಿಸುತ್ತದೆ. ರಾತ್ರಿ ಎರಡು ಗಂಟೆ. ನಿದ್ದೆಗಣ್ಣು. ಅವಸರ. ಹಾಸಿಗೆಯಿಂದ ಧಡಕ್ಕನೆ ಎದ್ದು ಕತ್ತಲಲ್ಲಿ ಬಚ್ಚಲಿಗೆ ಹೊರಟರೆ ಅರ್ಧ ದಾರಿಯಲ್ಲೇ ಬಿಪಿ ಇಳಿದು ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಪ್ರಾಸ್ಟೇಟ್ ತೊಂದರೆ ಚಿಕ್ಕದಾಗಿಬಿಡುತ್ತದೆ.

ಎಚ್ಚರ ಆದಾಗ ಮೊದಲು ಹೊರಳಿ, ಎದ್ದು ಕುಳಿತುಕೊಳ್ಳಿ. ಕಾಲು ಕೆಳಗಿಟ್ಟು ಒಂದು ನಿಮಿಷ ಹಾಗೇ ಇರಿ. ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ. ಆಮೇಲೆ ಮಂಚ ಹಿಡಿದು ನಿಲ್ಲಿ. ದಾರಿಯಲ್ಲಿ ಒಂದು ಸಣ್ಣ ದೀಪ ಇರಲಿ. ಒದ್ದೆ ಬಚ್ಚಲು, ಕಾಲೊರೆಸುವ ಬಟ್ಟೆ ಜಾರದ ಹಾಗಿರಲಿ. ರಾತ್ರಿ ಹೊತ್ತು ನಿಂತು ಮಾಡುವ ಬದಲು ಕಮೋಡಿನ ಮೇಲೆ ಕುಳಿತೇ ಮಾಡಿ, ಪೂರ್ತಿ ಖಾಲಿಯೂ ಆಗುತ್ತದೆ, ಬೀಳುವ ಭಯವೂ ಇಲ್ಲ.

ಮೂಗು ಕಟ್ಟುವುದು, ಸುಸ್ತು, ತಲೆನೋವು ಕೆಲವರಿಗೆ ಬರುತ್ತದೆ, ಹೆಚ್ಚಾಗಿ ಕೆಲವು ದಿನದಲ್ಲಿ ಹೋಗುತ್ತದೆ. ಇನ್ನೊಂದು ಪರಿಣಾಮವನ್ನು ಗಂಡಸರು ಯಾರಿಗೂ ಹೇಳದೆ ಒಳಗೇ ನರಳುತ್ತಾರೆ. ಸಂಭೋಗದಲ್ಲಿ ವೀರ್ಯ ಹೊರಗೆ ಬರುವುದಿಲ್ಲ, ಅಥವಾ ತೀರಾ ಕಡಿಮೆ. ಸೈಲೋಡೋಸಿನ್‌ನಲ್ಲಿ ಇದು ಜಾಸ್ತಿ, ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು 28 ಜನರಲ್ಲಿ ಕಂಡಿದೆ. ಇದರಿಂದ ದೇಹಕ್ಕೆ ಹಾನಿ ಇಲ್ಲ, ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ. ಇಷ್ಟು ಮೊದಲೇ ತಿಳಿದಿದ್ದರೆ ಗಂಡ ಹೆಂಡತಿ ಇಬ್ಬರಿಗೂ ನೆಮ್ಮದಿ, ಅಲ್ವಾ?

ಕುಗ್ಗಿಸುವ ಮಾತ್ರೆಯಲ್ಲಿ ಆಸಕ್ತಿ ಕುಂದುವುದು, ನಿಮಿರುವಿಕೆ ಕಡಿಮೆಯಾಗುವುದು, ಎದೆ ಮೃದುವಾಗಿ ನೋಯುವುದು ಸ್ವಲ್ಪ ಜನರಿಗೆ ಆಗುತ್ತದೆ. ಮನಸ್ಸು ಮಂಕಾಗುವುದೂ ಉಂಟು. ಎದೆಯಲ್ಲಿ ಗಂಟು ಸಿಕ್ಕಿದರೆ, ಮನಸ್ಸು ತೀರಾ ಕುಗ್ಗಿದರೆ ತಡ ಮಾಡದೆ ವೈದ್ಯರಿಗೆ ತಿಳಿಸಿ.

ಹೆಜ್ಜೆ 7: ಬೇರೆ ಮಾತ್ರೆಗಳ ಕಡೆ ಕಣ್ಣಿಡಿ

ಇದು ನಮ್ಮ ಮನೆಯಲ್ಲೇ ನಡೆದದ್ದು. ಅಪ್ಪನಿಗೆ 71. ಟ್ಯಾಮ್ಸುಲೋಸಿನ್‌ನಲ್ಲಿ ಆರಾಮವಾಗಿದ್ದರು. ಒಂದು ಚಳಿಗಾಲ ನೆಗಡಿ ಹಿಡಿಯಿತು. ಮದುವೆಗೆ ಹೋಗಿದ್ದ ಊರಿನಲ್ಲಿ ಅಂಗಡಿಯೊಂದರಿಂದ ನೆಗಡಿ ಮಾತ್ರೆ ತೆಗೆದುಕೊಂಡು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರು. ನಡುರಾತ್ರಿ ಮೂತ್ರ ಪೂರ್ತಿ ಕಟ್ಟಿತು. ಹೊಟ್ಟೆ ಕೆಳಗೆ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ. ಅಪ್ಪ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು, ಮಾತೇ ಆಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪೈಪ್ ಹಾಕಿದಾಗ ಒಂದು ಲೀಟರ್‌ಗೂ ಜಾಸ್ತಿ ಬಂತು.

ಕಾರಣ ಆ ನೆಗಡಿ ಮಾತ್ರೆ. ಅದರಲ್ಲಿ ಫಿನೈಲ್ಎಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್ ಇತ್ತು. ಮೊದಲನೆಯದು ಕಟ್ಟಿದ ಮೂಗು ಬಿಡಿಸಲು ಅಂತ ಹಾಕುವುದು, ಆದರೆ ಮೂತ್ರಕೋಶದ ಕೊರಳನ್ನೂ ಬಿಗಿ ಮಾಡುತ್ತದೆ. ಅಂದರೆ ಟ್ಯಾಮ್ಸುಲೋಸಿನ್ ಮಾಡುವ ಕೆಲಸಕ್ಕೆ ಪೂರ್ತಿ ಉಲ್ಟಾ. ಎರಡನೆಯದು ಮೂತ್ರಕೋಶ ಹಿಂಡುವ ಬಲವನ್ನೇ ಕುಂದಿಸುತ್ತದೆ. ನಮ್ಮಲ್ಲಿ ಸಿಗುವ ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಈ ಜೋಡಿಯೇ ಇರುತ್ತದೆ. ಪ್ರಾಸ್ಟೇಟ್ ತೊಂದರೆ ಇರುವವರು ನೆಗಡಿಗೆ ಬರೀ ಪ್ಯಾರಾಸಿಟಮಾಲ್, ಹಬೆ, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಇಷ್ಟರಲ್ಲೇ ಸುಧಾರಿಸಿಕೊಳ್ಳಿ. ಅಂಗಡಿಯಲ್ಲಿ ಏನೇ ಕೇಳಿದರೂ "ನನಗೆ ಪ್ರಾಸ್ಟೇಟ್ ಇದೆ" ಅಂತ ಮೊದಲು ಹೇಳಿ.

ನಿದ್ದೆ, ನರ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಮೂತ್ರ ಕಟ್ಟಿಸಬಹುದು. ಬಿಪಿಗೆ ಕೊಡುವ ನೀರಿನ ಮಾತ್ರೆ ರಾತ್ರಿ ನುಂಗುತ್ತಿದ್ದರೆ ಹೊತ್ತು ಬದಲಿಸಬಹುದೇ ಅಂತ ಕೇಳಿ. ಆಮ್ಲೋಡಿಪಿನ್‌ನಿಂದ ಹಗಲು ಕಾಲಿಗೆ ನೀರು ಇಳಿದು, ರಾತ್ರಿ ಮಲಗಿದಾಗ ಅದೇ ಮೂತ್ರವಾಗಿ ಬರುತ್ತದೆ. ಸಂಜೆ ಒಂದು ಗಂಟೆ ಕಾಲು ಎತ್ತರಕ್ಕಿಟ್ಟು ಕೂತರೆ ಗುಣ ಕಾಣುತ್ತದೆ. ಸಕ್ಕರೆಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಶುರುವಾದ ಮೇಲೆ ಮೂತ್ರ ಜಾಸ್ತಿ ಆಗಿದ್ದರೆ ಅದು ಆ ಮಾತ್ರೆಯ ಗುಣ. ಯಾವುದನ್ನೂ ನೀವೇ ನಿಲ್ಲಿಸಬೇಡಿ, ಬರೆದುಕೊಂಡು ಹೋಗಿ ಕೇಳಿ.

ಸಾ ಪಾಮೆಟ್ಟೊ ಎಂಬ ಗಿಡಮೂಲಿಕೆ ಕ್ಯಾಪ್ಸೂಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ, ವಿದೇಶದಿಂದ ಮಕ್ಕಳು ತಂದಿರುತ್ತಾರೆ. 2006 ಮತ್ತು 2011ರಲ್ಲಿ ಪ್ರಕಟವಾದ ಎರಡು ಒಳ್ಳೆಯ ಅಧ್ಯಯನಗಳಲ್ಲಿ ಅದು ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಏನೂ ಹೆಚ್ಚು ಮಾಡಲಿಲ್ಲ. ಎರಡನೆಯದರಲ್ಲಿ ಮೂರು ಪಟ್ಟು ಡೋಸ್ ಕೊಟ್ಟೂ ನೋಡಿದ್ದರು. ಆ ದುಡ್ಡು ಉಳಿಸಿ. ಬಾರ್ಲಿ ನೀರು, ಬಾಳೆದಿಂಡಿನ ರಸ ಪ್ರಾಸ್ಟೇಟ್ ಕುಗ್ಗಿಸುವುದಿಲ್ಲ. ಕುಡಿಯಲು ಇಷ್ಟವಿದ್ದರೆ ಬೆಳಿಗ್ಗೆ ಕುಡಿಯಿರಿ, ಸಂಜೆ ಬೇಡ.

ಹೆಜ್ಜೆ 8: ಮಾತ್ರೆಗೆ ನೀವೂ ಕೈ ಜೋಡಿಸಿ

ನೀರು ಕುಡಿಯುವುದನ್ನು ಬಿಡಬೇಡಿ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು ಅಂತ ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿಯದೆ ಹೊರಡುವವರಿದ್ದಾರೆ. ಮೂತ್ರ ಗಟ್ಟಿಯಾಗಿ ಉರಿ, ಸೋಂಕು, ಮಲಬದ್ಧತೆ. ಮಲಬದ್ಧತೆಯಿಂದ ಮೂತ್ರ ಇನ್ನೂ ಕಟ್ಟುತ್ತದೆ. ದಿನದ ನೀರನ್ನು ಸಂಜೆ ಆರರೊಳಗೆ ಮುಗಿಸಿ. ಕಾಫಿ ಟೀ ಮಧ್ಯಾಹ್ನದ ಮೇಲೆ ಕಡಿಮೆ ಮಾಡಿ. ಒಂದಕ್ಕೆ ಹೋದಾಗ ಮುಗಿಯಿತು ಅಂದ ಮೇಲೆ ಅರ್ಧ ನಿಮಿಷ ನಿಂತು ಮತ್ತೊಮ್ಮೆ ಪ್ರಯತ್ನಿಸಿ.

ರಾತ್ರಿ ಏಳುವುದು ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಕಡಿಮೆ ಸುಧಾರಿಸುವ ತೊಂದರೆ. ನಾಲ್ಕು ಸಲ ಏಳುತ್ತಿದ್ದವರು ಮೂರಕ್ಕೆ ಇಳಿದರೆ ಮಾತ್ರೆ ಸೋತಿದೆ ಅಂತ ತಿಳಿಯಬೇಡಿ. ಧಾರೆ ಹೇಗಿದೆ, ಹಗಲು ಹೇಗಿದೆ ಅಂತಲೂ ನೋಡಿ.

ಹೆಜ್ಜೆ 9: ಮತ್ತೆ ತೋರಿಸುವುದು, ಮುಂದುವರಿಸುವುದು

ಸಡಿಲಿಸುವ ಮಾತ್ರೆಯಾದರೆ ನಾಲ್ಕರಿಂದ ಆರು ವಾರಕ್ಕೆ, ಕುಗ್ಗಿಸುವುದಾದರೆ ಆರು ತಿಂಗಳಿಗೆ ತೋರಿಸಿ. ಆಮೇಲೆ ವರ್ಷಕ್ಕೊಮ್ಮೆ. ಗುಣವಾಯಿತು ಅಂತ ಮಾತ್ರೆ ಬಿಟ್ಟರೆ ತೊಂದರೆ ಹಿಂದಕ್ಕೆ ಬರುತ್ತದೆ, ಸಡಿಲಿಸುವ ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ. ಬಿಪಿ ಮಾತ್ರೆಯ ಹಾಗೆ ಇದೂ ದಿನನಿತ್ಯದ್ದು. ಖರ್ಚಿನ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಅಲ್ಲಿ ಟ್ಯಾಮ್ಸುಲೋಸಿನ್ ತುಂಬಾ ಕಡಿಮೆ ಬೆಲೆಗೆ ಸಿಗುತ್ತದೆ. ನಾನು ಔಷಧಿ ವ್ಯಾಪಾರಿಯಾಗಿಯೂ ಇದನ್ನು ಹೇಳುತ್ತೇನೆ. ದುಡ್ಡಿಲ್ಲ ಅಂತ ಮಾತ್ರೆ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು.

ಕುಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಒಂದು ಲೆಕ್ಕ ಮರೆಯಬಾರದು. ಆರು ತಿಂಗಳಿಂದ ವರ್ಷದೊಳಗೆ ಅದು ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ. ವರದಿಯಲ್ಲಿ 2.5 ಬಂದರೆ ಅದನ್ನು 5 ಅಂತ ಓದಬೇಕು. ಲ್ಯಾಬಿನವರಿಗೆ ನೀವು ಮಾತ್ರೆ ನುಂಗುವುದು ಗೊತ್ತಿರುವುದಿಲ್ಲ, ವರದಿಯಲ್ಲಿ "ನಾರ್ಮಲ್" ಅಂತಲೇ ಬರುತ್ತದೆ. ಇಳಿದಿದ್ದ ಪಿಎಸ್‌ಎ ಮತ್ತೆ ಏರತೊಡಗಿದರೆ, ಅಂಕಿ ಚಿಕ್ಕದಾದರೂ ವೈದ್ಯರಿಗೆ ತೋರಿಸಲೇಬೇಕು. ತಲೆಕೂದಲಿಗೆ ಅಂತ 1 ಮಿಲಿಗ್ರಾಂ ಫಿನಾಸ್ಟೆರೈಡ್ ನುಂಗುವವರಿಗೂ ಇದೇ ಮಾತು.

ಯಾವಾಗ ಓಡಬೇಕು

ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಇನ್ನಷ್ಟು ನೀರು ಕುಡಿದು ನೋಡಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಚಳಿ ಜ್ವರದ ಜೊತೆ ಮೂತ್ರ ಉರಿ ಇದ್ದರೆ ಅವತ್ತೇ ತೋರಿಸಿ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ನಿಂತುಹೋದರೂ ತೋರಿಸಿ. ಮಾತ್ರೆ ನುಂಗಿ ತಲೆಸುತ್ತಿ ಬಿದ್ದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರನ್ನು ಕೇಳಿ.

ಮಾತ್ರೆಗೆ ಬಗ್ಗದ ಪ್ರಾಸ್ಟೇಟೂ ಇದೆ. ಮೂತ್ರ ಮತ್ತೆ ಮತ್ತೆ ಕಟ್ಟುವುದು, ಪದೇ ಪದೇ ಸೋಂಕು, ಮೂತ್ರಕೋಶದಲ್ಲಿ ಕಲ್ಲು, ಕಿಡ್ನಿ ಊದಿಕೊಂಡು ಕ್ರಿಯಾಟಿನಿನ್ ಏರುವುದು. ಇವು ಬಂದರೆ ವೈದ್ಯರು ಆಪರೇಷನ್ ಅನ್ನುತ್ತಾರೆ. ಈಗ ಹೊಟ್ಟೆ ಕೊಯ್ಯುವುದು ಅಪರೂಪ, ಮೂತ್ರದ ದಾರಿಯಿಂದಲೇ ಒಳಗೆ ಹೋಗಿ ಅಡ್ಡಿಯಾದ ಭಾಗ ತೆಗೆಯುತ್ತಾರೆ, ಲೇಸರಿನಿಂದಲೂ ಮಾಡುತ್ತಾರೆ. ಹೆದರಿ ವರ್ಷಗಟ್ಟಲೆ ಮುಂದೂಡಿದರೆ ಮೂತ್ರಕೋಶವೇ ಸೋತುಹೋಗಿ, ಆಮೇಲೆ ಆಪರೇಷನ್ ಮಾಡಿದರೂ ಧಾರೆ ಬರುವುದಿಲ್ಲ.

ಅಪ್ಪನಿಗೆ ಮಾತ್ರೆಯಲ್ಲೇ ಆಯಿತು. ಪೈಪ್ ಮೂರನೆಯ ದಿನ ತೆಗೆದರು, ಟ್ಯಾಮ್ಸುಲೋಸಿನ್ ಜೊತೆ ಡ್ಯುಟಾಸ್ಟೆರೈಡ್ ಸೇರಿಸಿದರು. ಈಗ ಅವರ ಜೇಬಿನಲ್ಲಿ, ಆಧಾರ್ ಕಾರ್ಡಿನ ಹಿಂದೆ, ನಾನು ಬರೆದುಕೊಟ್ಟ ಒಂದು ಚೀಟಿ ಇದೆ. ಎರಡು ಮಾತ್ರೆಯ ಹೆಸರು, ಶುರು ಮಾಡಿದ ತಾರೀಖು, ಕೆಳಗೆ ದಪ್ಪ ಅಕ್ಷರದಲ್ಲಿ "ನೆಗಡಿ ಮಾತ್ರೆ ಕೊಡಬೇಡಿ, ಪಿಎಸ್‌ಎ ಎರಡರಿಂದ ಗುಣಿಸಿ, ಕಣ್ಣಿನ ಆಪರೇಷನ್ ಮೊದಲು ಕೇಳಿ". ಹೋದ ವರ್ಷ ಪೊರೆ ತೆಗೆಸಲು ಹೋದಾಗ ಕಣ್ಣಿನ ವೈದ್ಯರು ಆ ಚೀಟಿಯನ್ನು ಎರಡು ಸಲ ಓದಿ, ಫೈಲಿಗೆ ಪಿನ್ ಮಾಡಿಕೊಂಡರು.